ಗೇರುಸೊಪ್ಪೆಯ ಮಹಾಮಂಡಳೇಶ್ವರಿ, ಕರಿಮೆಣಸಿನ ರಾಣಿ ಚೆನ್ನಭೈರಾದೇವಿ



ಈಗಿನ ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಕುಳಿತು 1552ರಿಂದ 1606ರವರೆಗೆ, ಒಟ್ಟು 54 ವರ್ಷ ರಾಜ್ಯಭಾರ ಮಾಡಿದ ಜೈನ ರಾಣಿ ಚೆನ್ನಭೈರಾದೇವಿ. ನಮ್ಮ ದೇಶದಲ್ಲಿ ಇಷ್ಟು ದೀರ್ಘಕಾಲ ಆಳಿದ ರಾಣಿ ಮತ್ತೊಬ್ಬರಿಲ್ಲ ಎಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಸಾಳುವ ಮನೆತನದವರು. ವಿಜಯನಗರದ ಸಾಮಂತರಾಗಿ ನಗಿರೆ ರಾಜ್ಯವನ್ನು ನೋಡಿಕೊಂಡವರು. ಶಾಸನದಲ್ಲಿ ಅವರ ಹೆಸರಿನ ಜೊತೆ ಬರುವ ಬಿರುದು ಮಹಾಮಂಡಳೇಶ್ವರಿ. ಪೋರ್ಚುಗೀಸರು ಕೊಟ್ಟ ಹೆಸರು ಕರಿಮೆಣಸಿನ ರಾಣಿ. ಈ ಎರಡನೆಯ ಹೆಸರೇ ಊರೂರಿಗೆ ಹರಡಿತು.

ನಮ್ಮ ತಲೆಮಾರಿನವರಿಗೆ ಇತಿಹಾಸ ತಲುಪಿದ್ದು ಶಾಲೆಯ ಪುಸ್ತಕಕ್ಕಿಂತ ಹೆಚ್ಚಾಗಿ ಟೆಂಟ್ ಸಿನಿಮಾದಿಂದ. 1961ರಲ್ಲಿ ಬಿ. ಆರ್. ಪಂತುಲು ಅವರು ಕಿತ್ತೂರು ಚೆನ್ನಮ್ಮ ಚಿತ್ರ ಮಾಡಿದರು. ಸರೋಜಾದೇವಿಯವರು ರಾಣಿಯಾಗಿ ಬಂದರು. ಆಮೇಲೆ ಎಷ್ಟೋ ವರ್ಷ ಆ ಚಿತ್ರ ಊರೂರು ತಿರುಗಿತು, ಓದು ಬಾರದ ಅಜ್ಜಿಯರಿಗೂ ಕಿತ್ತೂರಿನ ಹೆಸರು ಬಾಯಿಗೆ ಬಂತು. ಗೇರುಸೊಪ್ಪೆಯ ರಾಣಿಗೆ ಅಂಥ ಚಿತ್ರದ ಭಾಗ್ಯ ಸಿಗಲಿಲ್ಲ. ಅದಕ್ಕೆ ಕಾರಣವೂ ಇದೆ ಎಂದು ನನಗೆ ಅನ್ನಿಸುತ್ತದೆ. ಸಿನಿಮಾದಲ್ಲಿ ವೈರಿ ಒಂದೇ ಕಡೆಯಿಂದ, ಒಂದೇ ಥರದ ಬಟ್ಟೆ ಹಾಕಿಕೊಂಡು ಬರಬೇಕು. ಈ ರಾಣಿಯ ಬದುಕಿನಲ್ಲಿ ವೈರಿ ಪಶ್ಚಿಮದ ಸಮುದ್ರದಿಂದ ಹಡಗಿನಲ್ಲಿ ಬಂದ, ಆದರೆ ಕೊನೆಯ ಪೆಟ್ಟು ಬಿದ್ದದ್ದು ಪೂರ್ವದ ಘಟ್ಟದಿಂದ, ಕನ್ನಡ ಮಾತಾಡುವವರಿಂದಲೇ. ಅದನ್ನು ಪರದೆಯ ಮೇಲೆ ತೋರಿಸುವುದು ಅಷ್ಟು ಸುಲಭವಲ್ಲ.

ಮೊದಲು ಜಾಗದ ವಿಚಾರ ಹೇಳಬೇಕು, ಇಲ್ಲದಿದ್ದರೆ ಬಯಲುಸೀಮೆಯ ನಮ್ಮಂಥವರಿಗೆ ಇದು ಅರ್ಥವಾಗುವುದಿಲ್ಲ. ಶರಾವತಿ ನದಿ ಜೋಗದಲ್ಲಿ ಬಿದ್ದು, ಕಣಿವೆಯಲ್ಲಿ ಹರಿದು, ಗೇರುಸೊಪ್ಪೆಯ ಹತ್ತಿರ ಬಯಲಿಗೆ ಬರುತ್ತದೆ. ಅಲ್ಲಿಂದ ಹೊನ್ನಾವರದ ಅಳಿವೆಯವರೆಗೆ ದೋಣಿ ಓಡಾಡುವ ನೀರು. ರಸ್ತೆಯಲ್ಲಿ ಹೋದರೆ ಸುಮಾರು 30 ಕಿಲೋಮೀಟರ್. ಘಟ್ಟದ ಮೇಲಿನ ಅಡಿಕೆ ತೋಟಗಳಲ್ಲಿ, ಕಾಡಿನಲ್ಲಿ ಬೆಳೆದ ಮೆಣಸು ಎತ್ತಿನ ಬೆನ್ನಿನ ಮೇಲೆ ಹೇರಾಗಿ ಇಳಿದು ಗೇರುಸೊಪ್ಪೆಗೆ ಬರಬೇಕು, ಅಲ್ಲಿ ದೋಣಿಗೆ ಏರಬೇಕು, ಹೊನ್ನಾವರದಲ್ಲಿ ಹಡಗಿಗೆ ತುಂಬಬೇಕು. ಘಟ್ಟಕ್ಕೂ ಕಡಲಿಗೂ ನಡುವಿನ ಬಾಗಿಲು ಗೇರುಸೊಪ್ಪೆ. ಆ ಬಾಗಿಲಿನ ಬೀಗದ ಕೈ ರಾಣಿಯ ಸೊಂಟದಲ್ಲಿತ್ತು. ಹೊನ್ನಾವರ, ಭಟ್ಕಳ, ಮಿರ್ಜಾನ್ ಎಲ್ಲ ಅವರ ವ್ಯಾಪ್ತಿಯ ಬಂದರುಗಳು. ಮೆಣಸಿನ ಜೊತೆ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಗೆ ಹೋಗುತ್ತಿತ್ತು. ಅರಬ್ ದೇಶದ ಕುದುರೆಗಳು ಒಳಗೆ ಬಂದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು.

ಹೆಣ್ಣುಮಗಳು ಪಟ್ಟಕ್ಕೆ ಬಂದದ್ದು ಹೇಗೆ ಎಂದು ಕೇಳುವವರಿದ್ದಾರೆ. ಆ ಮನೆತನದಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಅಧಿಕಾರ ತಾಯಿಯ ಕಡೆಯಿಂದ, ಸೋದರಿಯ ಮಕ್ಕಳಿಗೆ ಇಳಿದು ಬರುವುದು. ಕರಾವಳಿಯ ಜೈನ ಅರಸು ಮನೆಗಳಲ್ಲಿ ಇದು ವಾಡಿಕೆ. ಉಳ್ಳಾಲದ ಚೌಟ ಮನೆತನದ ಅಬ್ಬಕ್ಕ ರಾಣಿಯೂ ಇದೇ ಪದ್ಧತಿಯಿಂದ ಗದ್ದುಗೆ ಏರಿದವರು, ಅವರೂ ಪೋರ್ಚುಗೀಸರನ್ನು ಎದುರಿಸಿದವರು. ಹಾಗಾಗಿ 1552ರಲ್ಲಿ ಚೆನ್ನಭೈರಾದೇವಿ ಪಟ್ಟಕ್ಕೆ ಬಂದಾಗ ಕರಾವಳಿಯ ಜನಕ್ಕೆ ಅದು ದೊಡ್ಡ ಆಶ್ಚರ್ಯವೇನೂ ಆಗಿರಲಿಕ್ಕಿಲ್ಲ. ಆಶ್ಚರ್ಯ ಆಗಿದ್ದರೆ ಹಡಗಿನಲ್ಲಿ ಬಂದವರಿಗೆ.

ಅವರು ಪಟ್ಟಕ್ಕೆ ಬರುವ ಹೊತ್ತಿಗೆ ಪೋರ್ಚುಗೀಸರು ಈ ಕಡಲಿಗೆ ಹೊಸಬರಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1505ರಲ್ಲಿ ಅಲ್ಮೇಡ ಹೊನ್ನಾವರದ ಬಂದರಿನಲ್ಲಿ ಹಡಗುಗಳನ್ನು ಸುಟ್ಟ. 1510ರಲ್ಲಿ ಗೋವಾ ಅವರದಾಯಿತು. 1542ರಲ್ಲಿ ಮಾರ್ಟಿಂ ಅಫೊನ್ಸೊ ಡಿ ಸೋಜ ಎಂಬ ಗವರ್ನರ್ ಭಟ್ಕಳವನ್ನು ಲೂಟಿ ಮಾಡಿ ಬೆಂಕಿ ಇಟ್ಟ. ಅಂದರೆ ಈ ರಾಣಿ ಗದ್ದುಗೆಯ ಮೇಲೆ ಕೂರುವುದಕ್ಕೆ ಹತ್ತೇ ವರ್ಷ ಮೊದಲು, ತಮ್ಮವರ ಬಂದರು ಉರಿದದ್ದನ್ನು ಕಂಡ ಜನ ಇನ್ನೂ ಬದುಕಿದ್ದರು. ಎದುರಿಗೆ ನಿಂತಿರುವವರು ಯಾರು ಎಂಬುದು ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಪೋರ್ಚುಗೀಸರಿಗೆ ಬೇಕಾಗಿದ್ದದ್ದು ಮೆಣಸು. ಅದೂ ಬೇರೆ ಯಾರಿಗೂ ಸಿಗದ ಹಾಗೆ, ತಾವು ಹೇಳಿದ ಬೆಲೆಗೆ. ಅದಕ್ಕಾಗಿ ಅವರು ಮಾಡಿದ ಉಪಾಯವೆಂದರೆ ಕರ್ತಾಜ್ ಎಂಬ ಪರವಾನಗಿ ಚೀಟಿ. ಸಮುದ್ರಕ್ಕೆ ಇಳಿಯುವ ಪ್ರತಿ ಹಡಗೂ ಅವರಿಂದ ಈ ಚೀಟಿ ಪಡೆಯಬೇಕು. ಏನು ತುಂಬಿದೆ, ಎಲ್ಲಿಗೆ ಹೋಗುತ್ತದೆ ಎಲ್ಲ ಬರೆಸಬೇಕು. ಚೀಟಿ ಇಲ್ಲದ ಹಡಗು ಸಿಕ್ಕಿದರೆ ಮಾಲೂ ಅವರದು, ಹಡಗೂ ಅವರದು. ಮೆಣಸನ್ನು ಅರಬರಿಗೆ ಮಾರುವ ಹಾಗಿಲ್ಲ. ಕೊಚ್ಚಿಯಲ್ಲಿ 16ನೇ ಶತಮಾನದ ಆರಂಭದಲ್ಲಿ ಒಪ್ಪಂದ ಮಾಡಿ ಕಟ್ಟಿದ ಮೆಣಸಿನ ಬೆಲೆಯನ್ನೇ ದಶಕಗಟ್ಟಲೆ ಎಳೆದುಕೊಂಡು ಹೋದರು. ಬೆಳೆದವನ ಖರ್ಚು ಏರಿದರೂ ಬೆಲೆ ಏರುವುದಿಲ್ಲ.

ಸಮೇತನಹಳ್ಳಿಯಲ್ಲಿ ದಿನಸಿ ವ್ಯಾಪಾರ ಮಾಡಿಕೊಂಡಿರುವ ನನಗೆ ಇತಿಹಾಸದ ದೊಡ್ಡ ಸಂಗತಿಗಳು ತಿಳಿಯದಿದ್ದರೂ ಇದೊಂದು ಚೆನ್ನಾಗಿ ತಿಳಿಯುತ್ತದೆ. ಹತ್ತು ಜನ ಗಿರಾಕಿಗಳಿದ್ದರೆ ಬೆಲೆ ಮಾರುವವನು ಹೇಳುತ್ತಾನೆ. ಒಬ್ಬನೇ ಗಿರಾಕಿ ಉಳಿದರೆ ಬೆಲೆ ಅವನು ಹೇಳುತ್ತಾನೆ. ನಮ್ಮ ಹೊಸಕೋಟೆ ಕಡೆಯ ತರಕಾರಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಣಿ ಹೋರಾಡಿದ್ದು ಸಿಂಹಾಸನಕ್ಕೆ, ಮಾನಕ್ಕೆ ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಅದು ನಿಜವೇ. ಆದರೆ ಅದರ ಬುಡದಲ್ಲಿ ಇದ್ದದ್ದು ತನ್ನ ನಾಡಿನ ಮಾಲಿಗೆ ತಾನೇ ಬೆಲೆ ಹೇಳುವ ಹಕ್ಕು, ಬಂದರಿಗೆ ಯಾವ ಹಡಗು ಬರಬೇಕು ಎಂದು ತೀರ್ಮಾನಿಸುವ ಹಕ್ಕು. ಅದನ್ನು ಬಿಟ್ಟುಕೊಟ್ಟಿದ್ದರೆ ಅವರು ಆರಾಮವಾಗಿ ಇರಬಹುದಿತ್ತು. ಪಟ್ಟವೂ ಇರುತ್ತಿತ್ತು, ಅರಮನೆಯೂ ಇರುತ್ತಿತ್ತು.

ಹಾಗೆಂದು ಅವರು 54 ವರ್ಷವೂ ಕತ್ತಿ ಹಿಡಿದೇ ಇದ್ದರು ಎಂದಲ್ಲ. ಪೋರ್ಚುಗೀಸರಿಗೂ ಮೆಣಸು ಮಾರಿದ್ದಾರೆ. ಮಾರದೆ ಇದ್ದಿದ್ದರೆ ಅವರ ಬಾಯಲ್ಲಿ ಆ ಹೆಸರು ಬರುತ್ತಿರಲಿಲ್ಲ. ಕೆಲವರು ಇದನ್ನು ಹೇಳುವುದಕ್ಕೆ ಸಂಕೋಚ ಪಡುತ್ತಾರೆ. ಸಂಕೋಚ ಯಾಕೆ? ಮಾರುವುದು ಸೋಲಲ್ಲ. ಒಬ್ಬನಿಗೇ ಮಾರು ಎಂದಾಗ ಒಪ್ಪಿಕೊಳ್ಳುವುದು ಸೋಲು.

1559 ಮತ್ತು 1570ರಲ್ಲಿ ಎರಡು ದೊಡ್ಡ ಕದನಗಳು ನಡೆದವೆಂದು, ಎರಡರಲ್ಲೂ ರಾಣಿ ಗೆದ್ದರೆಂದು ನಮ್ಮ ಕಡೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಪೋರ್ಚುಗೀಸರ ಬರಹಗಳು ಬೇರೆಯೇ ಹೇಳುತ್ತವೆ. ಎರಡನ್ನೂ ಎದುರಿಗಿಟ್ಟು ನೋಡುವುದು ಒಳ್ಳೆಯದು. ಗೆದ್ದದ್ದನ್ನು ಹಿಗ್ಗಿಸಿ ಸೋತದ್ದನ್ನು ಮುಚ್ಚಿದರೆ ನಾಳೆ ಓದಿದ ಮಕ್ಕಳು ಎಲ್ಲವನ್ನೂ ಅನುಮಾನಿಸುತ್ತಾರೆ.

1565ರಲ್ಲಿ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರ ಸೋತಿತು. ಹಂಪಿ ಹಾಳಾಯಿತು. ಗೇರುಸೊಪ್ಪೆಯ ಬೆನ್ನಿಗಿದ್ದ ಗೋಡೆ ಬಿದ್ದ ಹಾಗಾಯಿತು. ಪೋರ್ಚುಗೀಸರು ಇದನ್ನೇ ಕಾಯುತ್ತಿದ್ದರೋ ಏನೋ, ನಾಲ್ಕೇ ವರ್ಷದಲ್ಲಿ, 1569ರಲ್ಲಿ, ವೈಸ್‌ರಾಯ್ ಲೂಯಿಸ್ ಡಿ ಅತಾಯಿಡ್ ದೊಡ್ಡ ನೌಕಾಪಡೆ ತಂದು ಹೊನ್ನಾವರದ ಕೋಟೆ ಹಿಡಿದು ಅಲ್ಲಿ ತನ್ನ ಸೈನಿಕರನ್ನು ಇಟ್ಟ. ನದಿಯ ಬಾಯಿ ಕೈತಪ್ಪಿತು. ಮೇಲೆ ಗೇರುಸೊಪ್ಪೆಯಲ್ಲಿ ರಾಣಿ, ಕೆಳಗೆ ಹೊನ್ನಾವರದಲ್ಲಿ ಪೋರ್ಚುಗೀಸರು, ನಡುವೆ ಒಂದೇ ಹೊಳೆ.

ಸುಮ್ಮನೆ ಕುಳಿತುಕೊಳ್ಳುವ ಸ್ವಭಾವ ಅವರದಲ್ಲ. 1570ರಲ್ಲಿ ಪಶ್ಚಿಮ ಕರಾವಳಿಯ ಇತಿಹಾಸದಲ್ಲಿ ಹಿಂದೆಂದೂ ಆಗದಿದ್ದ ಒಂದು ಒಕ್ಕೂಟ ಆಯಿತು. ಬಿಜಾಪುರದ ಆದಿಲ್ ಶಾಹ ಗೋವಾಕ್ಕೆ ಮುತ್ತಿಗೆ ಹಾಕಿದ. ಅಹಮದ್‌ನಗರದ ನಿಜಾಮ್ ಶಾಹ ಚೌಲ್ ಬಂದರಿಗೆ ಮುತ್ತಿಗೆ ಹಾಕಿದ. ಕಲ್ಲಿಕೋಟೆಯ ಸಾಮೂತಿರಿ ದಕ್ಷಿಣದಲ್ಲಿ ಎದ್ದ. ಅದೇ ಹೊತ್ತಿಗೆ ಗೇರುಸೊಪ್ಪೆಯ ರಾಣಿ ಬಿಜಾಪುರದ ಸೈನ್ಯದ ಸಹಾಯ ಪಡೆದು ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿದರು. ಐದು ವರ್ಷದ ಹಿಂದೆ ವಿಜಯನಗರವನ್ನು ಸೋಲಿಸಿದ ಬಿಜಾಪುರದವರ ಜೊತೆ ವಿಜಯನಗರದ ಸಾಮಂತರಾಗಿದ್ದ ಈ ಜೈನ ರಾಣಿ ಕೈಜೋಡಿಸಿದರು ಎಂದರೆ ಸಣ್ಣ ಮಾತಲ್ಲ. ಹಳೆಯ ಗಾಯಕ್ಕಿಂತ ಇವತ್ತಿನ ಅಪಾಯ ದೊಡ್ಡದು ಎಂದು ಅವರಿಗೆ ಕಂಡಿರಬೇಕು.

ಗೋವಾದಿಂದ ಸಮುದ್ರ ಮಾರ್ಗವಾಗಿ ಸಹಾಯ ಬಂದು ಹೊನ್ನಾವರದ ಮುತ್ತಿಗೆ ಮುರಿಯಿತು ಎಂದು ಪೋರ್ಚುಗೀಸರು ಬರೆದಿದ್ದಾರೆ. ಕೋಟೆ ಅವರ ಕೈಯಲ್ಲೇ ಉಳಿಯಿತು ಎಂಬುದಂತೂ ನಿಜ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಬಂದು ಅವರನ್ನು ಅಲ್ಲಿಂದ ಎಬ್ಬಿಸಬೇಕಾಯಿತು. ಗೋವಾ, ಚೌಲ್ ಕೂಡ ಅವರಿಗೇ ಉಳಿದವು. ಸಾಮೂತಿರಿ ಮಾತ್ರ 1571ರಲ್ಲಿ ಚಾಲಿಯಂ ಕೋಟೆಯನ್ನು ಗೆದ್ದುಕೊಂಡ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಹೊನ್ನಾವರದ ಕೋಟೆ ಹಿಡಿದವರಿಗೆ ಗೇರುಸೊಪ್ಪೆ ಸಿಗಲೇ ಇಲ್ಲ. 1570ರ ನಂತರವೂ ರಾಣಿ 36 ವರ್ಷ ಆಳಿದರು. ಘಟ್ಟದಿಂದ ಮೆಣಸು ಇಳಿಯಬೇಕಾದರೆ ಅವರ ಊರಿನ ಮೇಲೆಯೇ ಇಳಿಯಬೇಕಿತ್ತು. ಬಂದರಿನ ಕೋಟೆಯಲ್ಲಿ ಕುಳಿತವನಿಗೂ ಅವರ ಜೊತೆ ಮಾತಾಡದೆ ಮಾಲು ಸಿಗುವ ಹಾಗಿರಲಿಲ್ಲ. ನನ್ನ ಎಣಿಕೆಯಲ್ಲಿ ಅವರ ದೊಡ್ಡ ಗೆಲುವು ಇದು. ಒಂದು ದಿನದ ಯುದ್ಧದಲ್ಲಿ ಸಿಗುವಂಥದ್ದಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಪಾಠಶಾಲೆಯ ಮಕ್ಕಳು ಕೇಳಿಯೇ ಕೇಳುತ್ತಾರೆ. ಅಹಿಂಸೆಯೇ ಪರಮ ಧರ್ಮ ಎನ್ನುವ ನಮ್ಮವರು ಯುದ್ಧ ಮಾಡಿದ್ದು ಹೇಗೆ? ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಶ್ರಾವಕ ಪೂರ್ತಿ ಬಿಡಬೇಕು. ಅಡುಗೆ, ಮನೆಗೆಲಸ, ಕೃಷಿ, ವ್ಯಾಪಾರದಲ್ಲಿ ಆಗುವುದನ್ನು ಆದಷ್ಟು ಕಡಿಮೆ ಮಾಡಬೇಕು. ಮೇಲೆ ಬಿದ್ದು ಬಂದವನಿಂದ ತನ್ನನ್ನು, ತನ್ನವರನ್ನು ಕಾಪಾಡುವಾಗ ಆಗುವುದು ವಿರೋಧಿ ಹಿಂಸೆ, ಗೃಹಸ್ಥನಿಗೆ ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಗಂಗರ ಸೇನಾಪತಿ ಚಾವುಂಡರಾಯನೇ ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ನಿಲ್ಲಿಸಿದ್ದು. ಇಷ್ಟು ಹೇಳಿದರೆ ಮಕ್ಕಳಿಗೆ ಸಾಕು. ಹಿಂಸೆಯಿಂದ ಪಾಪವಿಲ್ಲ ಎಂದು ಮಾತ್ರ ಹೇಳಿಕೊಡಬಾರದು, ಅದು ಶಾಸ್ತ್ರದಲ್ಲಿಲ್ಲ.

ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯನ್ನು ರಾಣಿಯೇ ಕಟ್ಟಿಸಿದರು ಎಂದು ಜನ ನಂಬುತ್ತಾರೆ. ಅಘನಾಶಿನಿ ಹೊಳೆಯ ಪಕ್ಕ, ಕೆಂಪು ಜಂಬಿಟ್ಟಿಗೆ ಕಲ್ಲಿನ ಕೋಟೆ, ಸುತ್ತ ಕಂದಕ. ಬೇರೆಯವರ ಹೆಸರು ಹೇಳುವವರೂ ಇದ್ದಾರೆ. ನಂತರ ಕೈ ಬದಲಾದಾಗ ಒಬ್ಬೊಬ್ಬರು ಒಂದೊಂದು ಸೇರಿಸಿರಲೂಬಹುದು. ಅಗೆತ ಮಾಡಿದಾಗ ಫಿರಂಗಿ ಗುಂಡುಗಳು, ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಮಳೆಗಾಲದಲ್ಲಿ ಗೋಡೆಯ ಮೇಲೆಲ್ಲ ಹಸಿರು ಹುಲ್ಲು ಬೆಳೆದು ನೋಡಲು ಬಹಳ ಚೆಂದ.

ಧರ್ಮದ ವಿಚಾರಕ್ಕೆ ಬಂದರೆ, ಗೇರುಸೊಪ್ಪೆ ಆಗ ಜಿನಾಲಯಗಳ ಊರು. 84 ಗುಡಿಗಳಿದ್ದವು ಎಂಬ ಜನರ ಮಾತನ್ನು ಹಳೆಯ ಗೆಜೆಟಿಯರ್ ಬರೆದುಕೊಂಡಿದೆ. ಈಗ ಉಳಿದಿರುವುದರಲ್ಲಿ ದೊಡ್ಡದು ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಪದ್ಮಾಸನದಲ್ಲಿ ಕುಳಿತ ತೀರ್ಥಂಕರರು. 1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಇದರ ಕಲ್ಪನೆ ಬರುತ್ತದೆ. ರಾಣಿ ಶೈವ, ವೈಷ್ಣವ ದೇವಾಲಯಗಳಿಗೂ ದಾನ ಕೊಟ್ಟರು ಎನ್ನುತ್ತಾರೆ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಶುರುವಾಯಿತು. ಆ ಕಾಲದಲ್ಲಿ ಊರು ಬಿಟ್ಟು ಬಂದ ಸಾರಸ್ವತರಿಗೂ ಇತರ ಕೊಂಕಣಿಗರಿಗೂ ರಾಣಿ ನೆಲೆ ಕೊಟ್ಟ ನೆನಪು ಕರಾವಳಿಯಲ್ಲಿ ಇನ್ನೂ ಇದೆ.

ಇನ್ನೊಂದು ಸಂಗತಿಯನ್ನು ನಾವು ಸಾಕಷ್ಟು ಹೇಳುವುದಿಲ್ಲ. ಭಟ್ಟಾಕಳಂಕ ಮುನಿಗಳು ಕರ್ಣಾಟಕ ಶಬ್ದಾನುಶಾಸನ ಎಂಬ ಕನ್ನಡ ವ್ಯಾಕರಣವನ್ನು ಮುಗಿಸಿದ್ದು 1604ರಲ್ಲಿ. ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣ, 592 ಸೂತ್ರಗಳು, ಅದಕ್ಕೆ ತಾವೇ ಬರೆದ ವ್ಯಾಖ್ಯಾನ. ಅವರ ಗುರುಗಳು ಈಗಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿ ಮಠದವರು. ಹಾಡುವಳ್ಳಿಯೇ ಸಂಗೀತಪುರ, ಸಾಳುವರ ಇನ್ನೊಂದು ನೆಲೆ. ರಾಣಿಯ ಆಳ್ವಿಕೆಗೆ ಇನ್ನು ಎರಡೇ ವರ್ಷ ಉಳಿದಿತ್ತು. ಒಂದು ಕಡೆ ಬಂದರಿನಲ್ಲಿ ಫಿರಂಗಿ, ಇನ್ನೊಂದು ಕಡೆ ಘಟ್ಟದಲ್ಲಿ ನಾಯಕರ ದಂಡು, ನಡುವೆ ಆ ಗುರುಪರಂಪರೆಯ ಒಬ್ಬ ಮುನಿಗಳು ಕನ್ನಡದ ಪದಗಳು ಹೇಗೆ ಕೂಡುತ್ತವೆ, ವಿಭಕ್ತಿ ಹೇಗೆ ಬರುತ್ತದೆ ಎಂದು ಬರೆಯುತ್ತ ಕುಳಿತಿದ್ದರು.

ವಿಜಯನಗರ ಹೋದ ಮೇಲೆ ಸಾಮಂತರೆಲ್ಲ ತಮ್ಮ ತಮ್ಮ ಗಡಿ ಹಿಗ್ಗಿಸಿಕೊಳ್ಳಲು ಹೊರಟಿದ್ದರು. ಘಟ್ಟದ ಮೇಲೆ ಇಕ್ಕೇರಿಯಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಬಲವಾಗಿ ಬೆಳೆದ. ಅವನಿಗೂ ಬಂದರು ಬೇಕು, ಮೆಣಸಿನ ದಾರಿ ಬೇಕು. ಬಿಳಗಿಯ ಅರಸರೂ ಜೊತೆ ಸೇರಿದರು. 1606ರಲ್ಲಿ ಗೇರುಸೊಪ್ಪೆ ಬಿತ್ತು. ರಾಣಿಯನ್ನು ಸೆರೆ ಹಿಡಿದು ಘಟ್ಟದ ಮೇಲೆ ಕರೆದೊಯ್ದರು. ಅವರು ಸೆರೆಯಲ್ಲಿಯೇ ತೀರಿಕೊಂಡರು. ಇಪ್ಪತ್ತರ ವಯಸ್ಸಿನಲ್ಲಿ ಪಟ್ಟಕ್ಕೆ ಬಂದಿದ್ದರೂ ಆ ಹೊತ್ತಿಗೆ ಎಪ್ಪತ್ತು ದಾಟಿರಬೇಕು.

ಈ ಭಾಗವನ್ನು ಓದಿದಾಗ ಕೆಲವರು ಸಿಟ್ಟಾಗುತ್ತಾರೆ, ಕೆಳದಿಯವರನ್ನು ಬೈಯುತ್ತಾರೆ. ಇದನ್ನು ಜೈನರ ಮತ್ತು ವೀರಶೈವರ ಜಗಳ ಮಾಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದೇ ಕೆಳದಿ ಮನೆತನ ಮುಂದೆ ಪೋರ್ಚುಗೀಸರನ್ನು ಹೊನ್ನಾವರದಿಂದ ಓಡಿಸಿತು. ಅದೇ ಮನೆತನದ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದರು. ದುಃಖದ ಸಂಗತಿ ಇಷ್ಟೇ. ಘಟ್ಟದ ಮೇಲಿನವರೂ ಕೆಳಗಿನವರೂ ಒಂದಾಗಿದ್ದರೆ ಹೊನ್ನಾವರದ ಕೋಟೆಗೆ ಇನ್ನೂ ಐವತ್ತು ವರ್ಷ ಕಾಯಬೇಕಿರಲಿಲ್ಲ.

ಗೇರುಸೊಪ್ಪೆ ಬಿದ್ದ 17 ವರ್ಷದ ಮೇಲೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಆ ದಾರಿಯಲ್ಲಿ ಬಂದ. ಗೋವಾದಿಂದ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಸಾಗಿದ. ಆ ನದಿಯ ಚೆಲುವನ್ನು ಬಾಯಿ ತುಂಬ ಹೊಗಳಿದ್ದಾನೆ. ಊರು ಮಾತ್ರ ಆಗಲೇ ಪಾಳು, ಅರಮನೆಯ ಜಾಗದಲ್ಲಿ ಕಾಡು ಬೆಳೆದಿತ್ತು. ಮೆಣಸಿನ ರಾಣಿ ಎಂಬ ಹೆಸರನ್ನು ಬರೆದಿಟ್ಟವನು ಅವನೇ. ರಾಣಿ ಪರದೇಶದ ಒಬ್ಬನನ್ನು ನಂಬಿ ಕೆಟ್ಟರು ಎಂಬ ಕಥೆಯನ್ನೂ ಬರೆದಿದ್ದಾನೆ. ಅದು ದಾರಿಯಲ್ಲಿ ಕೇಳಿದ ಮಾತು, ಗೆದ್ದವರ ಕಡೆಗೆ ಹೋಗುತ್ತಿದ್ದವರ ನಡುವೆ ಕೇಳಿದ ಮಾತು. 54 ವರ್ಷ ರಾಜ್ಯ ನಡೆಸಿದ ಹೆಂಗಸಿನ ಮೇಲೆ, ಆಕೆ ಸತ್ತ ಮೇಲೆ ಇಂಥದ್ದೊಂದು ಕಥೆ ಹುಟ್ಟುವುದು ಹೊಸತೇನಲ್ಲ. ನಾನಂತೂ ಅದಕ್ಕೆ ಬೆಲೆ ಕೊಡುವುದಿಲ್ಲ. ಅವನೇ ಅದೇ ವರ್ಷ ದಕ್ಷಿಣಕ್ಕೆ ಹೋಗಿ ಉಳ್ಳಾಲದ ರಾಣಿಯನ್ನು ಕಂಡು, ಆಕೆ ಬರಿಗಾಲಿನಲ್ಲಿ ನಿಂತು ಮಣ್ಣಿನ ಕೆಲಸ ಮಾಡಿಸುತ್ತಿದ್ದುದನ್ನು ಬರೆದ. ಕಣ್ಣಾರೆ ಕಂಡಾಗ ಬರೆದ ರೀತಿ ಬೇರೆ, ಕೇಳಿ ಬರೆದ ರೀತಿ ಬೇರೆ.

ಹೋಗಿ ಬರುವವರಿಗಾಗಿ ಒಂದೆರಡು ಮಾತು. ಹೊನ್ನಾವರ–ಸಾಗರ ರಸ್ತೆಯಲ್ಲಿ ಗೇರುಸೊಪ್ಪೆ ಸಿಗುತ್ತದೆ. ಬಸದಿಗಳಿರುವ ಜಾಗದ ಹೆಸರು ನಗರಬಸ್ತಿಕೇರಿ, ಹೊಳೆಯ ಆಚೆ ದಡದಲ್ಲಿ, ಕಾಡಿನ ನಡುವೆ. ಚತುರ್ಮುಖ ಬಸದಿ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹತ್ತಿರದಲ್ಲೇ ನೇಮಿನಾಥ ಸ್ವಾಮಿ, ಪಾರ್ಶ್ವನಾಥ ಸ್ವಾಮಿ ಬಸದಿಗಳಿವೆ. ಜ್ವಾಲಾಮಾಲಿನಿ ಅಮ್ಮನವರ ಸನ್ನಿಧಿಗೆ ಭಕ್ತರು ಬರುತ್ತಲೇ ಇರುತ್ತಾರೆ. ಮೂಡುಬಿದಿರೆ, ಕಾರ್ಕಳ ಯಾತ್ರೆಗೆ ಬಸ್ ಮಾಡಿಕೊಂಡು ಹೋಗುವವರು ಇನ್ನೊಂದು ದಿನ ಸೇರಿಸಿಕೊಂಡರೆ ಹಾಡುವಳ್ಳಿ, ಗೇರುಸೊಪ್ಪೆ, ಮಿರ್ಜಾನ್ ಮೂರನ್ನೂ ನೋಡಬಹುದು. ನಾವು ಒಮ್ಮೆ ಹಾಗೆ ಹೋದಾಗ ಬಸದಿಯೊಳಗೆ ಕತ್ತಲಿತ್ತು, ಟಾರ್ಚ್ ಹಿಡಿದು ಒಬ್ಬೊಬ್ಬ ಸ್ವಾಮಿಯ ಮುಂದೆ ನಿಂತು ನಮೋಕಾರ ಹೇಳಿದೆವು. ಮಳೆಗಾಲದಲ್ಲಿ ಜಿಗಣೆ ಕಾಟ ಬಹಳ, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಹೋಗುವುದು ಅನುಕೂಲ. ಅಲ್ಲಿ ಹೋಟೆಲ್ ನಂಬಿಕೊಂಡು ಹೋಗಬೇಡಿ, ಬುತ್ತಿ ಕಟ್ಟಿಕೊಂಡು ಹೋಗಿ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವವರು ಮಧ್ಯಾಹ್ನವೇ ಹೊಳೆ ದಾಟಿ ಈಚೆ ಬರುವ ಹಾಗೆ ಸಮಯ ಹಾಕಿಕೊಳ್ಳಿ.